ಬಾಡಿಗೆಗೆ ಬಂದ ಯಂತ್ರಗಳು

ಹೋದ ವರ್ಷ ಶ್ರಾವಣದಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಮನೆಗೆ ಬಂದಿದ್ದನು. ಅವನ ತಂದೆ ಅಥಣಿಯಲ್ಲಿ ಕೊಲ್ಹಾಪುರಿ ಚಪ್ಪಲಿ ಮಾಡುತ್ತಿದ್ದವರು. ಇವನು ಬೆಳಗಾವಿಯಲ್ಲಿ ನಾಲ್ಕು ಜನ ಕೆಲಸಗಾರರನ್ನಿಟ್ಟುಕೊಂಡು ಚರ್ಮದ ಪಾಕೀಟು, ಸೊಂಟಪಟ್ಟಿ, ಕೈಚೀಲಗಳನ್ನು ತಯಾರಿಸುತ್ತಾನೆ. ನಾನು ನಿವೃತ್ತನಾಗಿ ಬಹಳ ವರ್ಷಗಳಾದರೂ ಇಂಗ್ಲಿಷ್ ಕಾಗದಗಳನ್ನು ಓದಿಸಿಕೊಳ್ಳಲು ಬರುವವರು ಇನ್ನೂ ಉಂಟು.

"ಸರ, ಇದರಾಗ ಏನ್ ಬರದಾರ, ಒಂದೀಟು ತಿಳಿಸಿ ಹೇಳ್ರಿ" ಎಂದು ಆರು ಪುಟಗಳ ಕರಾರುಪತ್ರವನ್ನು ಮುಂದಿಟ್ಟನು.

ಅದು ಚರ್ಮದ ಅಂಚನ್ನು ತೆಳುವಾಗಿಸುವ ಹೊಸ ಯಂತ್ರವೊಂದರ ಕರಾರು. ಕಂತುಗಳಲ್ಲಿ ಹಣ ಕಟ್ಟಬಹುದು, ದುರಸ್ತಿ ಅವರದೇ. ಆದರೆ ಐದು ವರ್ಷಗಳವರೆಗೆ ಹೊರಗಿನ ಯಾವ ಮೆಕ್ಯಾನಿಕ್ಕನೂ ಯಂತ್ರವನ್ನು ಬಿಚ್ಚುವಂತಿಲ್ಲ. ಅಲಗು, ಸಾಣೆಗಲ್ಲುಗಳನ್ನು ಅವರಿಂದಲೇ ಕೊಳ್ಳಬೇಕು. ಇನ್ನೊಂದು ದಾರಿಯೂ ಅವನಿಗಿತ್ತು. ಮುಚ್ಚಿಹೋದ ಕಾರ್ಖಾನೆಯೊಂದರಲ್ಲಿ ಅದೇ ಬಗೆಯ ಹಳೆಯ ಯಂತ್ರವೊಂದು ಅರ್ಧಕ್ಕಿಂತ ಕಡಿಮೆ ಬೆಲೆಗೆ ಸಿಗುವಂತಿತ್ತು. ಯಾವುದನ್ನು ಆರಿಸಬೇಕೆಂಬುದು ಪ್ರಶ್ನೆ.

ಚರ್ಮದ ಕೆಲಸವೆಂದರೆ ನಮಗೆ ಹೊಲಿಗೆ ಯಂತ್ರವೇ ನೆನಪಾಗುತ್ತದೆ. ಆದರೆ ಸೂಜಿ ದಾರಗಳಿಲ್ಲದ ಯಂತ್ರಗಳೇ ಅಲ್ಲಿ ಹೆಚ್ಚು. ತೊಗಲನ್ನು ಅಚ್ಚಿನಿಂದ ಒತ್ತಿ ಕತ್ತರಿಸುವುದಕ್ಕೊಂದು, ದಪ್ಪ ತೊಗಲನ್ನು ಎರಡು ಪದರಗಳಾಗಿ ಸೀಳುವುದಕ್ಕೊಂದು, ಮಡಿಸಿ ಹೊಲಿಯಬೇಕಾದ ಅಂಚನ್ನು ಹೆರೆದು ತೆಳುಮಾಡುವುದಕ್ಕೊಂದು. ಈ ಕಡೆಯ ಕೆಲಸವನ್ನು ಅವನ ತಂದೆ ಕಲ್ಲಿನ ಮೇಲೆ ತೊಗಲನ್ನು ಹಾಸಿ ರಂಪಿಗೆಯಿಂದ ಮಾಡುತ್ತಿದ್ದುದನ್ನು ನಾನು ಎಷ್ಟೋ ಸಲ ನಿಂತು ನೋಡಿದ್ದೇನೆ. ಯಂತ್ರದಲ್ಲಿ ರಂಪಿಗೆಯ ಬದಲು ಗಂಟೆಯ ಆಕಾರದ ಉಕ್ಕಿನ ಅಲಗು ತಿರುಗುತ್ತಿರುತ್ತದೆ. ಕೆಳಗಿನ ಉರುಳೆಯೊಂದು ತೊಗಲನ್ನು ಅದರ ಬಾಯಿಗೆ ಒಡ್ಡುತ್ತದೆ. ಅಲಗನ್ನು ಮಸೆಯುವ ಸಾಣೆಗಲ್ಲು ಯಂತ್ರದೊಳಗೇ ಇದೆ. ಮಸೆದಂತೆಲ್ಲ ಅಲಗು ಸವೆದು ಗಿಡ್ಡವಾಗುವುದರಿಂದ ಅದನ್ನು ತಿರುಪಿನಿಂದ ಮುಂದಕ್ಕೆ ಸರಿಸುತ್ತಿರಬೇಕು. ಅಲಗು ಮೊಂಡಾದರೆ ತೊಗಲು ಕತ್ತರಿಸುವುದಿಲ್ಲ, ಹರಿಯುತ್ತದೆ. ಅಂದರೆ ಇದು ದಿನನಿತ್ಯ ಕೈಯಾಡಿಸುತ್ತಲೇ ಇರಬೇಕಾದ ಯಂತ್ರ. ಇಂಥದನ್ನು ಬಿಚ್ಚಕೂಡದೆಂಬ ಷರತ್ತನ್ನು ಓದಿದೊಡನೆ, ಇದನ್ನು ಎಲ್ಲಿಯೋ ಹಿಂದೆ ಓದಿದ್ದೇನಲ್ಲ ಎನಿಸಿತು. ಓದಿದ್ದುದು ಅಮೆರಿಕದ ಪಾದರಕ್ಷೆ ಉದ್ಯಮದ ಚರಿತ್ರೆಯಲ್ಲಿ.

ಮೂವತ್ತು ವರ್ಷ ಮಕ್ಕಳಿಗೆ ಕೈಗಾರಿಕಾ ಕ್ರಾಂತಿಯನ್ನು ಕಲಿಸಿದವನು ನಾನು. ನೂಲುವ ಯಂತ್ರ, ಉಗಿಯಂತ್ರಗಳ ಆಚೆಗೆ ನಮ್ಮ ಪಠ್ಯಪುಸ್ತಕ ಹೋಗುತ್ತಿರಲಿಲ್ಲ; ನಾನೂ ಹೋಗಲಿಲ್ಲ. ಚಪ್ಪಲಿ ಮಾಡುವವರ ಮಕ್ಕಳು ಎದುರಿಗೆ ಕುಳಿತಿದ್ದಾಗಲೂ ಹೋಗಲಿಲ್ಲ ಎಂಬುದು ಈಗ ಸಂಕೋಚ ಹುಟ್ಟಿಸುತ್ತದೆ.

ಮ್ಯಾಸಚೂಸೆಟ್ಸ್ ಪ್ರಾಂತದ ಲಿನ್ ಎಂಬ ಊರು 19ನೆಯ ಶತಮಾನದಲ್ಲಿ ಬೂಟುಗಳಿಗೆ ಹೆಸರಾಗಿತ್ತು. 1870ರ ದಶಕದ ಹೊತ್ತಿಗೆ ಅಲ್ಲಿ ಹೊಲಿಗೆಯ ಕೆಲಸಕ್ಕೆ ಯಂತ್ರಗಳು ಬಂದಿದ್ದವು. ಆದರೆ ಒಂದು ಕೆಲಸ ಮಾತ್ರ ಕೈಯಲ್ಲೇ ಉಳಿದಿತ್ತು. ಪಾದದ ಆಕಾರದ ಮರದ ಅಚ್ಚಿನ ಮೇಲೆ ಮೇಲ್ತೊಗಲನ್ನು ಎಳೆದು, ಮೂಗಿನ ಬಳಿಯೂ ಹಿಮ್ಮಡಿಯ ಬಳಿಯೂ ನೆರಿಗೆ ಬೀಳದಂತೆ ಮಡಿಸಿ, ಸಣ್ಣ ಮೊಳೆಗಳಿಂದ ಅಡಿಗೆ ಬಿಗಿಯುವ ಕೆಲಸ. ಬೂಟಿಗೆ ರೂಪ ಬರುವುದೇ ಇಲ್ಲಿ. ನುರಿತವನು ದಿನಕ್ಕೆ ಸುಮಾರು 50 ಜೋಡಿ ಮಾಡಬಲ್ಲವನಾಗಿದ್ದನು. ಉಳಿದ ವಿಭಾಗಗಳೆಲ್ಲ ಇವರಿಗಾಗಿ ಕಾಯಬೇಕಾಗುತ್ತಿತ್ತು. ಆದ್ದರಿಂದ ಇವರಿಗೆ ಒಳ್ಳೆಯ ಕೂಲಿಯೂ ಇತ್ತು, ಬಿಗಿಯಾದ ಸಂಘವೂ ಇತ್ತು. ಬೆರಳುಗಳ ಈ ಕೆಲಸವನ್ನು ಕಬ್ಬಿಣ ಮಾಡಲಾರದು ಎಂಬುದು ಎಲ್ಲರ ನಂಬಿಕೆ.

ಆ ನಂಬಿಕೆಯನ್ನು ಮುರಿದವನು ಯಾನ್ ಮಾಟ್ಸೆಲಿಗರ್. 1852ರಲ್ಲಿ ದಕ್ಷಿಣ ಅಮೆರಿಕದ ಸುರಿನಾಮಿನಲ್ಲಿ ಡಚ್ ತಂದೆಗೂ ಕಪ್ಪು ಜನಾಂಗದ ತಾಯಿಗೂ ಹುಟ್ಟಿದವನು. ಹಡಗಿನಲ್ಲಿ ದುಡಿದು ಅಮೆರಿಕ ತಲುಪಿ, 1877ರಲ್ಲಿ ಲಿನ್‌ಗೆ ಬಂದು ಕಾರ್ಖಾನೆಯೊಂದರಲ್ಲಿ ಅಟ್ಟೆ ಹೊಲಿಯುವ ಯಂತ್ರ ನಡೆಸುತ್ತಿದ್ದವನು. ಹಗಲೆಲ್ಲ ದುಡಿದು ರಾತ್ರಿ ಸಿಗಾರಿನ ಪೆಟ್ಟಿಗೆಗಳ ಹಲಗೆ, ತಂತಿ, ಮೊಳೆಗಳಿಂದ ಮಾದರಿ ಮಾಡಿದನು. ಕಬ್ಬಿಣದಲ್ಲಿ ಮಾಡಲು ಹಣವಿಲ್ಲದೆ, ಹಣ ಕೊಟ್ಟ ಇಬ್ಬರಿಗೆ ಮೂರರಲ್ಲಿ ಎರಡು ಪಾಲು ಬರೆದುಕೊಟ್ಟನು. ಅವನ ನಕ್ಷೆಗಳು ಅರ್ಥವಾಗದೆ ಪೇಟೆಂಟ್ ಕಚೇರಿ ತನ್ನ ಅಧಿಕಾರಿಯನ್ನೇ ಲಿನ್‌ಗೆ ಕಳುಹಿಸಿ ಯಂತ್ರವನ್ನು ಕಣ್ಣಾರೆ ನೋಡಿಸಿತಂತೆ. 1883ರ ಮಾರ್ಚ್ 20ರಂದು ಪೇಟೆಂಟ್ ಸಿಕ್ಕಿತು. 1885ರ ಮೇ ತಿಂಗಳಲ್ಲಿ ಕಾರ್ಖಾನೆಯೊಂದರಲ್ಲಿ ನಡೆದ ಪರೀಕ್ಷೆಯಲ್ಲಿ ಯಂತ್ರ 75 ಜೋಡಿ ಹೆಂಗಸರ ಬೂಟುಗಳನ್ನು ತಪ್ಪಿಲ್ಲದೆ ಎಳೆದು ಬಿಗಿಯಿತು. ಮುಂದೆ ಸುಧಾರಿಸಿದ ಯಂತ್ರಗಳು ದಿನಕ್ಕೆ 150ರಿಂದ 700 ಜೋಡಿಯವರೆಗೆ ಮಾಡತೊಡಗಿದವು.

ಅವನು ಕ್ಷಯದಿಂದ 1889ರಲ್ಲಿ, ತನ್ನ 36ನೆಯ ವಯಸ್ಸಿನಲ್ಲಿಯೇ ತೀರಿಕೊಂಡನು. ಬಣ್ಣದ ಕಾರಣಕ್ಕೆ ಊರಿನ ಬೇರೆ ಚರ್ಚುಗಳು ಅವನನ್ನು ಸೇರಿಸಿಕೊಂಡಿರಲಿಲ್ಲ. ಸೇರಿಸಿಕೊಂಡ ಒಂದು ಚರ್ಚಿಗೆ ತನ್ನ ಷೇರುಗಳಲ್ಲಿ ಒಂದು ಭಾಗವನ್ನು ಬಿಟ್ಟುಹೋದನು. ಚರ್ಮ ಮುಟ್ಟುವವರ ಮಕ್ಕಳನ್ನು ತರಗತಿಯ ಹಿಂದಿನ ಸಾಲಿನಲ್ಲಿ ಕೂಡಿಸಿದ್ದನ್ನು ಕಂಡ ನಮಗೆ ಇದು ದೂರದ ಕಥೆಯೇನೂ ಅಲ್ಲ.

ನನ್ನ ವಿಷಯ ಆ ಯಂತ್ರ ಮುಂದೆ ಏನಾಯಿತೆಂಬುದು. 1899ರಲ್ಲಿ ಬಾಸ್ಟನ್ನಿನಲ್ಲಿ ಪಾದರಕ್ಷೆ ಯಂತ್ರಗಳ ಮುಖ್ಯ ಸಂಸ್ಥೆಗಳು ಒಂದಾಗಿ ಯುನೈಟೆಡ್ ಶೂ ಮೆಷಿನರಿ ಎಂಬ ಕಂಪನಿಯಾಯಿತು. ಮಾಟ್ಸೆಲಿಗರನ ಪೇಟೆಂಟುಗಳನ್ನು ಪಡೆದಿದ್ದ ಸಂಸ್ಥೆಯೂ ಅದರೊಳಗೆ ಸೇರಿಹೋಗಿತ್ತು. ಈ ಕಂಪನಿ ತನ್ನ ಮುಖ್ಯ ಯಂತ್ರಗಳನ್ನು ಮಾರುತ್ತಿರಲಿಲ್ಲ, ಬಾಡಿಗೆಗೆ ಕೊಡುತ್ತಿತ್ತು. ಕರಾರಿನ ಅವಧಿ ಮೊದಲು 17 ವರ್ಷ, ಅನಂತರ 10 ವರ್ಷ. ನಮ್ಮ ಯಂತ್ರವಿದ್ದಲ್ಲಿ ಬೇರೆಯವರ ಯಂತ್ರ ಬಳಸಕೂಡದೆಂಬ ಬಗೆಯ ಷರತ್ತುಗಳನ್ನು 1922ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಹೊಡೆದುಹಾಕಿತು. ಆದರೂ ಇನ್ನೊಂದು ಷರತ್ತು ಉಳಿಯಿತು: ಬಾಡಿಗೆಯ ಯಂತ್ರದಿಂದ ಆಗಬಹುದಾದ ಕೆಲಸವಿರುವಷ್ಟು ಕಾಲ ಅದನ್ನು ಪೂರ್ಣ ಪ್ರಮಾಣದಲ್ಲಿ ದುಡಿಸಲೇಬೇಕು.

ದುರಸ್ತಿಗೆ ಬೇರೆ ಹಣವಿರಲಿಲ್ಲ, ಅದು ಬಾಡಿಗೆಯಲ್ಲಿಯೇ ಸೇರಿತ್ತು. ಕೇಳುವುದಕ್ಕೆ ಎಷ್ಟು ಚೆನ್ನಾಗಿದೆ! ಯಂತ್ರ ನಿಂತರೆ ಕಂಪನಿಯ ಮನುಷ್ಯ ಬರುತ್ತಿದ್ದನು, ಬೇಗ ಬರುತ್ತಿದ್ದನು, ಕೆಲಸವನ್ನೂ ಚೆನ್ನಾಗಿ ಮಾಡುತ್ತಿದ್ದನು. ಇದನ್ನು ಅದರ ವಿರೋಧಿಗಳೂ ಅಲ್ಲಗಳೆಯಲಿಲ್ಲ. ಕೈಯಲ್ಲಿ ಹೆಚ್ಚು ಬಂಡವಾಳವಿಲ್ಲದವನೂ ಬಾಡಿಗೆ ಯಂತ್ರಗಳಿಂದ ಕಾರ್ಖಾನೆ ತೆರೆಯಬಹುದಾಗಿತ್ತು. ನಾನು ಈ ಭಾಗವನ್ನು ಓದುವಾಗ ಕಂಪನಿಯ ಪಕ್ಷವನ್ನೇ ವಹಿಸಿದ್ದೆನೆಂದು ಒಪ್ಪಿಕೊಳ್ಳಬೇಕು.

1947ರಲ್ಲಿ ಸರ್ಕಾರ ಹೂಡಿದ ಮೊಕದ್ದಮೆಯಲ್ಲಿ ನ್ಯಾಯಾಧೀಶ ಚಾರ್ಲ್ಸ್ ವೈಜಾನ್ಸ್ಕಿ 1953ರಲ್ಲಿ ತೀರ್ಪು ಕೊಟ್ಟನು. ಕಾರ್ಲ್ ಕೇಸನ್ ಎಂಬ ಅರ್ಥಶಾಸ್ತ್ರಜ್ಞನನ್ನು ತನ್ನ ಸಹಾಯಕನನ್ನಾಗಿ ಇಟ್ಟುಕೊಂಡಿದ್ದುದು ಆ ಕಾಲಕ್ಕೆ ಹೊಸ ಸಂಗತಿ. ದೇಶದ ಪಾದರಕ್ಷೆ ಯಂತ್ರಗಳ ಬೇಡಿಕೆಯಲ್ಲಿ ಮುಕ್ಕಾಲಿಗಿಂತ ಹೆಚ್ಚು ಪಾಲನ್ನು ಈ ಒಂದೇ ಕಂಪನಿ ಪೂರೈಸುತ್ತಿತ್ತು. ಅದಕ್ಕೆ ಕಾರಣ ಹುಡುಕುತ್ತ ನ್ಯಾಯಾಧೀಶನು ಕಂಡದ್ದು ಬಾಡಿಗೆಯ ಪದ್ಧತಿಯನ್ನು. ದುರಸ್ತಿ ಬಾಡಿಗೆಯೊಳಗೇ ಇದ್ದುದರಿಂದ ಹೊರಗೆ ಸ್ವತಂತ್ರ ದುರಸ್ತಿಗಾರರ ಕಸುಬೇ ಬೆಳೆಯಲಿಲ್ಲ. ಹೊಸ ಯಂತ್ರ ಕಟ್ಟಿದವನು ಯಂತ್ರದ ಜೊತೆಗೆ ದುರಸ್ತಿಯ ಪಡೆಯನ್ನೂ ಕಟ್ಟಬೇಕಾಗುತ್ತಿತ್ತು. ಯಾರೂ ಯಂತ್ರದ ಒಡೆಯರಲ್ಲದ್ದರಿಂದ ಹಳೆಯ ಯಂತ್ರಗಳ ಮಾರುಕಟ್ಟೆಯೂ ಇರಲಿಲ್ಲ. ಯಾವ ಭಾಗ ಎಲ್ಲಿ ಸವೆಯುತ್ತದೆ, ಎಲ್ಲಿ ಮುರಿಯುತ್ತದೆ ಎಂಬ ತಿಳಿವಳಿಕೆಯೆಲ್ಲ ಕಾರ್ಖಾನೆಯಿಂದ ಕಂಪನಿಗೆ ಹರಿದುಹೋಗುತ್ತಿತ್ತು.

ಸರ್ಕಾರ ಕೇಳಿದಂತೆ ಕಂಪನಿಯನ್ನು ಒಡೆಯಲು ಅವನು ಒಪ್ಪಲಿಲ್ಲ. ಬಾಡಿಗೆಗೆ ಕೊಡುವ ಯಂತ್ರಗಳನ್ನು ಮಾರಾಟಕ್ಕೂ ಇಡಬೇಕು, ಕರಾರು 5 ವರ್ಷ ಮೀರಕೂಡದು, ದುರಸ್ತಿಯ ಹಣವನ್ನು ಬೇರೆಯಾಗಿಯೇ ತೆಗೆದುಕೊಳ್ಳಬೇಕು ಎಂದು ವಿಧಿಸಿದನು. 1954ರಲ್ಲಿ ಸುಪ್ರೀಂ ಕೋರ್ಟು ಇದನ್ನು ಎತ್ತಿಹಿಡಿಯಿತು. ಅಷ್ಟು ಸಾಲದೆಂದು ಸರ್ಕಾರ ಮತ್ತೆ ಹೋದಾಗ, ಇನ್ನೂ ಕಠಿನವಾದ ಕ್ರಮಕ್ಕೆ ಅವಕಾಶವಿದೆಯೆಂದು 1968ರಲ್ಲಿ ಹೇಳಿತು.

ಇದನ್ನೆಲ್ಲ ನನ್ನ ವಿದ್ಯಾರ್ಥಿಗೆ ಚಹಾ ಆರುವವರೆಗೆ ಹೇಳಿದೆ. ಅವನು ಕೇಳಿದ್ದು ಒಂದೇ ಪ್ರಶ್ನೆ: "ಅಂದ್ರ ದುರಸ್ತಿ ಪುಕ್ಕಟೆ ಅನ್ನೂದ ಉರುಲ ಏನ್ರಿ ಸರ?" ಯಾವಾಗಲೂ ಹಾಗಲ್ಲ, ಆದರೆ ಕಲಿಯುವ ದಾರಿಯೇ ಮುಚ್ಚಿದರೆ ಹೌದು ಎಂದೆ.

ಮರುವಾರ ಹಳೆಯ ಯಂತ್ರವನ್ನು ನೋಡಲು ನನ್ನನ್ನೂ ಕರೆದುಕೊಂಡು ಹೋದನು. ಅವನು ನೋಡಿದ ರೀತಿ ನೋಡಬೇಕಿತ್ತು. ಮೊದಲು ವಿದ್ಯುತ್ತು ಹಾಕಲೇ ಇಲ್ಲ. ಅಲಗು ಎಷ್ಟು ಉಳಿದಿದೆ ಎಂದು ಅಳೆದನು, ದಂಡವನ್ನು ಹಿಡಿದು ಅಲುಗಾಡಿಸಿ ಬೇರಿಂಗ್ ಸಡಿಲವಾಗಿದೆಯೇ ಎಂದು ನೋಡಿದನು, ಸಾಣೆಗಲ್ಲಿಗೆ ಜಿಡ್ಡು ಹಿಡಿದಿದೆಯೇ ಎಂದು ಉಗುರಿನಿಂದ ಕೆರೆದನು. ಆಮೇಲೆ ನಡೆಸಿ, ಮನೆಯಿಂದ ತಂದಿದ್ದ ಮೆತ್ತನೆಯ ಕುರಿತೊಗಲಿನ ಚೂರನ್ನು ಒಡ್ಡಿದನು. ದಪ್ಪ ತೊಗಲನ್ನು ಕೆಟ್ಟ ಯಂತ್ರವೂ ಹೆರೆಯುತ್ತದಂತೆ. ಕುರಿತೊಗಲು ಸುಕ್ಕಾಗದೆ, ಹರಿಯದೆ ಬಂದರೆ ಮಾತ್ರ ನಂಬಬೇಕಂತೆ. ಇದನ್ನು ನಾನು ಅವನಿಂದ ಕಲಿತೆ. ಹೆರೆದ ಅಂಚನ್ನು ಅವನು ಕಣ್ಣಿನಿಂದಲ್ಲ, ಹೆಬ್ಬೆರಳಿನಿಂದ ನೋಡಿದನು, ಅವರ ಅಪ್ಪ ನೋಡುತ್ತಿದ್ದ ಹಾಗೆಯೇ.

ಹಳೆಯದನ್ನೇ ಕೊಂಡನು. ಸುಖವಾಗಿ ನಡೆಯುತ್ತಿದೆ ಎಂದು ಬರೆದರೆ ಸುಳ್ಳಾಗುತ್ತದೆ. ಈ ಸಂಕ್ರಾಂತಿಯ ಮುಂಚೆ ಬೇರಿಂಗ್ ಹೋಗಿ ಎಂಟು ದಿನ ಕೆಲಸ ನಿಂತಿತು, ದೊಡ್ಡದೊಂದು ಆರ್ಡರು ಕೈತಪ್ಪಿತು. ಉದ್ಯಮಬಾಗದ ಲೇತ್ ಕೆಲಸದವನೊಬ್ಬನು ದಂಡವನ್ನು ಸರಿಮಾಡಿಕೊಟ್ಟನಂತೆ. ಯಂತ್ರವನ್ನು ಪೂರ್ತಿ ಬಿಚ್ಚಿ ಮತ್ತೆ ಜೋಡಿಸುವಾಗ ಇವನು ತನ್ನ ಇಬ್ಬರು ಹುಡುಗರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡಿದ್ದನು. ಈಗ ಶನಿವಾರ ಸಂಜೆ ಚರ್ಮದ ಹೊಟ್ಟನ್ನು ತೆಗೆದು, ಸಾಣೆಗಲ್ಲನ್ನು ಉಜ್ಜಿ, ಎಣ್ಣೆ ಬಿಡುವ ಕೆಲಸ ಅವರಿಬ್ಬರದು.