ಚಿಂಪಾಂಜಿ ಬಾಡೂಟ, ನಮ್ಮಜ್ಜಿ ಮಂಕರಿ

ಸ್ವಲ್ಪ ಉದ್ದ ಇದೆ, ಪುರಸೊತ್ತಾದಾಗ ಓದಿ.

ಮೊನ್ನೆ ಶೆಟ್ಟಿಕೆರೆಯಲ್ಲಿ ಟೀ ಅಂಗಡಿ ಮುಂದೆ ಶಾಲೆ ಮೊಟ್ಟೆ ವಿಷಯ ಬಂತು. ಓದಿಕೊಂಡವರೊಬ್ಬರು, "ಮನುಷ್ಯನ ಮೂಲ ಕೋತಿ ಕಣಯ್ಯ. ಕೋತಿ ಮಾಂಸ ತಿನ್ನುತ್ತಾ? ಬಾಡು ಅನ್ನೋದು ಆಮೇಲೆ ಅಂಟಿದ ಚಟ" ಅಂದರು. ಸುತ್ತ ಇದ್ದವರು ತಲೆ ಆಡಿಸಿದರು. ನಾನು ಸುಮ್ಮನೆ ಎದ್ದು ಬಂದೆ. ಅಲ್ಲಿ ಆಡಬೇಕಿದ್ದ ಮಾತು ಇಲ್ಲಿ ಬರೀತಿದ್ದೀನಿ.

ಮೊದಲಿಗೆ, ನಮಗೆ ಹತ್ತಿರದ ದಾಯಾದಿಗಳು ಊರಿನ ಕೋತಿಗಳಲ್ಲ. ಚಿಂಪಾಂಜಿ, ಬೊನೊಬೊ, ಗೊರಿಲ್ಲಾ, ಒರಾಂಗುಟಾನ್ ಅನ್ನೋ ಬಾಲವಿಲ್ಲದ ದೊಡ್ಡ ವಾನರಗಳು. ಚಿಂಪಾಂಜಿ ಹಣ್ಣು ಸೊಪ್ಪು ತಿಂದೇ ಬದುಕುತ್ತೆ ಅಂತ ವಿಜ್ಞಾನಿಗಳೂ ಬಹಳ ಕಾಲ ನಂಬಿದ್ದರು. 1960ರ ಅಕ್ಟೋಬರಿನಲ್ಲಿ, ಈಗಿನ ಟಾಂಜಾನಿಯಾದ ಗೊಂಬೆ ಕಾಡಲ್ಲಿ, ಚಿಂಪಾಂಜಿಯೊಂದು ಕಾಡುಹಂದಿ ಮರಿ ತಿನ್ನೋದನ್ನ ಜೇನ್ ಗುಡಾಲ್ ಕಣ್ಣಾರೆ ಕಂಡರು. ಕೊಲೊಬಸ್ ಕೋತಿಗಳನ್ನ ಅಟ್ಟಿಸಿ ಹಿಡಿಯೋದು, ಕೈಚಾಚಿ ಬೇಡಿದವಕ್ಕೆ ತುಂಡು ಕೊಡೋದು, ಎಲ್ಲಾ ಆಮೇಲೆ ದಾಖಲಾಯಿತು. ಹಾಗಂತ ಅದರ ಹೊಟ್ಟೆ ತುಂಬೋದು ಹಣ್ಣಿಂದಲೇ. ಬೆಟ್ಟದ ಗೊರಿಲ್ಲಾವಂತೂ ಸೊಪ್ಪು ದಂಟು ತಿಂದೇ ಅಷ್ಟು ದೊಡ್ಡದಾಗುತ್ತೆ. ಆದ್ದರಿಂದ 'ಮನುಷ್ಯ ಹುಟ್ಟಾ ಮಾಂಸಾಹಾರಿ' ಅಂತ ನಾನೂ ವಾದ ಮಾಡಲ್ಲ.

ನನಗೆ ಹಿಡಿಸಿದ್ದು ಕಾಂಗೋದ ಕೊಕೊಲೊಪೊರಿ ಕಾಡಿನ ಬೊನೊಬೊಗಳ ಮೇಲೆ 2020ರಲ್ಲಿ ಪ್ರಕಟವಾದ ಅಧ್ಯಯನ. ಅಕ್ಕಪಕ್ಕದ ಎರಡು ಗುಂಪು, ಓಡಾಡೋ ಕಾಡು ಬಹುಪಾಲು ಒಂದೇ. ಒಂದು ಗುಂಪು ಹೆಚ್ಚಾಗಿ ಹಾರುವ ಅಳಿಲಿನಂಥ ಪ್ರಾಣಿ ಹಿಡಿಯುತ್ತೆ, ಇನ್ನೊಂದು ಡೈಕರ್ ಅನ್ನೋ ಗಿಡ್ಡ ಜಿಂಕೆಯಂಥದ್ದನ್ನ. ಇದು ರಕ್ತದ ಗುಣ ಅಲ್ಲ, ಗುಂಪಿನ ರೂಢಿ. ಎದುರಾದರೆ ಎರಡೂ ಗುಂಪು ಬೆರೆಯುತ್ತವೆ, ತಿನ್ನೋದನ್ನೂ ಹಂಚಿಕೊಳ್ಳುತ್ತವೆ.

ನಮ್ಮೂರಲ್ಲೂ ಕೆರೆ ಒಂದೇ. ನಮ್ಮಜ್ಜಿ ಹೇಳೋಳು: ಊರೊಳಗಿನವರ ಕೊಟ್ಟಿಗೇಲಿ ದನ ಸತ್ತರೆ ಕೇರಿಗೆ ಆಳು ಬರೋನಂತೆ. ತೆಂಗಿನ ತೋಟದಾಚೆ ಹೊತ್ಕೊಂಡು ಹೋಗಿ, ಚರ್ಮ ಸುಲಿದು, ಬಾಡನ್ನ ಮಂಕರಿಗೆ ತುಂಬಿ ತರೋದು. ಒಂದಷ್ಟು ಸಾರಿಗೆ, ಮಿಕ್ಕಿದ್ದು ಹಗ್ಗಕ್ಕೆ ಹಾಕಿ ಒಣಗಿಸೋದು, ಮಳೆಗಾಲಕ್ಕೆ ಅದೇ. ಹೊರದಿದ್ದರೆ ಬೈಗುಳ, ಹೊತ್ತರೆ ಮೈಲಿಗೆ. "ಆಸೆಗೆ ತಿಂತಿದ್ವಾ ಮಗಾ, ರಾಗಿ ಮುಗಿದೋಗಿರೋದು" ಅನ್ನೋಳು.

ಚಿಂಪಾಂಜಿ ಕೂಡ ತಾನೇ ಹಿಡಿದದ್ದನ್ನ ತಿನ್ನುತ್ತೆ, ಸತ್ತು ಬಿದ್ದದ್ದನ್ನ ಮುಟ್ಟೋದು ಅಪರೂಪ. ಸತ್ತ ದನ ನಮ್ಮ ತಟ್ಟೆಗೆ ಬಂದದ್ದು ನಾಲಿಗೆ ಕೇಳಿ ಅಲ್ಲ, ಊರಿನ ಕಟ್ಟಳೆಯಿಂದ. 1927ರಲ್ಲಿ ಮಹಾಡ್‌ನಲ್ಲಿ ಬಾಬಾಸಾಹೇಬರು ಸತ್ತ ದನದ ಮಾಂಸ ಬಿಡಿ ಅಂದದ್ದು ಇದಕ್ಕೇ. ಬಾಡು ಕೀಳು ಅಂತ ಅವರು ಹೇಳಲಿಲ್ಲ. 1948ರ 'ದಿ ಅನ್‌ಟಚಬಲ್ಸ್' ಪುಸ್ತಕದಲ್ಲಿ ಅವರದೇ ವಾದ ನೋಡಿ: ಒಂದು ಕಾಲಕ್ಕೆ ಬ್ರಾಹ್ಮಣರೂ ದನ ತಿಂತಿದ್ದರು, ಬೌದ್ಧರ ಜೊತೆಗಿನ ಪೈಪೋಟಿಯಲ್ಲಿ ಬಿಟ್ಟರು, ಸತ್ತ ದನ ತಿನ್ನೋದು ಮುಂದುವರಿಸಿದ ಚದುರಿದ ಜನ ಅಸ್ಪೃಶ್ಯರಾದರು.

ಶಾಲೆ ತಟ್ಟೆಗೆ ಮೊಟ್ಟೆ ಬಿದ್ದಾಗಲೆಲ್ಲ ಅದೇ ಹಳೇ ಮೈಲಿಗೆ, ಈಗ 'ವಿಜ್ಞಾನ'ದ ಅಂಗಿ ಹಾಕ್ಕೊಂಡು ಬರುತ್ತೆ.

ಟೀ ಅಂಗಡಿಯ ಆ ಯಜಮಾನರಿಗೂ ಇದನ್ನ ವಾಟ್ಸಾಪ್ ಮಾಡಿದ್ದೀನಿ. ನೀಲಿ ಗುರುತು ಬಂದಿದೆ, ಉತ್ತರ ಬಂದಿಲ್ಲ.