ಬಗಲಚೀಲದ ಕಥೆ



ಬೆಂಗಳೂರಿನಿಂದ ಪಾಮನಕಲ್ಲೂರಿಗೆ ಬಂದ ಮೊಮ್ಮಗ ಬಲ ಹೆಗಲನ್ನು ಒತ್ತಿಕೊಳ್ಳುತ್ತ ಕುಳಿತಿದ್ದ. ಲ್ಯಾಪ್‌ಟಾಪ್ ತುಂಬಿದ ಅವನ ಚೀಲಕ್ಕೆ ‘ಮೆಸೆಂಜರ್ ಬ್ಯಾಗ್’ ಎಂದು ಹೆಸರಂತೆ. ಓಲೆಕಾರನ ಚೀಲ ನಮಗೇನು ಹೊಸತೇ?

ನಿಜಾಮರ ಸಂಸ್ಥಾನಕ್ಕೆ ತನ್ನದೇ ಅಂಚೆಯಿತ್ತು. 1950ರಲ್ಲಿ ಅದು ಭಾರತದ ಅಂಚೆಯಲ್ಲಿ ವಿಲೀನವಾಯಿತು. ನಾನು ಬಾಲ್ಯದಲ್ಲಿ ಕಂಡ ಅಂಚೆಯಣ್ಣನವರು ಖಾಕಿ ಚೀಲದ ಪಟ್ಟಿಯನ್ನು ಜನಿವಾರದಂತೆ ಎದೆಗೆ ಅಡ್ಡಲಾಗಿ ಹಾಕಿ, ಚೀಲವನ್ನು ಬೆನ್ನಿನತ್ತ ಸರಿಸಿ ಸೈಕಲ್ಲು ತುಳಿಯುತ್ತಿದ್ದರು. ಇಳಿದೊಡನೆ ಅದನ್ನು ಮುಂದಕ್ಕೆಳೆದು ಕಾಗದ ತೆಗೆಯುತ್ತಿದ್ದರು. ಅಯ್ಯನವರ ಜೋಳಿಗೆಯ ರೀತಿಯೇ ಬೇರೆ. ಅದು ಒಂದೇ ಹೆಗಲಿನಿಂದ ಕಂಕುಳಿಗೆ ಇಳಿಯುತ್ತಿತ್ತು. ಜೋಳ ನೀಡುವವರಿಗೆ ಬಾಯಿ ಎದುರಾಗಬೇಕಲ್ಲ! ಭಾರವಾದಂತೆ ಅವರು ಹೆಗಲು ಬದಲಿಸುತ್ತಿದ್ದರು. (ನೆರೆಯ ಇಳಕಲ್ಲಿನ ಡಾ. ಮಹಾಂತ ಶ್ರೀಗಳ ಜೋಳಿಗೆ ಬೇಡಿದ್ದು ಜನರ ದುಶ್ಚಟಗಳನ್ನು. ಅದರ ಭಾರ ಅಳೆದವರಾರು?)

ನಮ್ಮ ಪಾಟಿಚೀಲಗಳೋ ಗೊಬ್ಬರದ ಚೀಲ ಹರಿದು ಹೊಲಿದವು. ಉದ್ದ ಪಟ್ಟಿಯ ಚೀಲ ನಡೆದಾಗ ಮೊಣಕಾಲಿಗೆ ಬಡಿಯುತ್ತಿತ್ತು. ಅವ್ವ ಪಟ್ಟಿಗೆ ಗಂಟು ಹಾಕಿ ಗಿಡ್ಡ ಮಾಡಿದಳು. ಚೀಲ ಸೊಂಟಕ್ಕೆ ಅಂಟಿ ನಿಂತಿತು, ಅರ್ಧ ಭಾರವೇ ಇಳಿದಂತಾಯಿತು.

ಇಷ್ಟು ತಿಳಿದವನು ಮಾಸ್ತರನಾದ ಮೇಲೆ ಮರೆತೆ. ಎಲ್ಲ ಪುಸ್ತಕಗಳನ್ನೂ ನಿತ್ಯ ತರಬೇಕೆಂಬುದು ನನ್ನ ನಿಯಮ. ದೂರದ ದೊಡ್ಡಿಯಿಂದ ನಡೆದು ಬರುತ್ತಿದ್ದ ಹುಡುಗಿಯೊಬ್ಬಳು ಒಂದು ದಿನ ಪಟ್ಟಿಯನ್ನು ಹಣೆಗೇರಿಸಿ, ಚೀಲವನ್ನು ಬೆನ್ನಿಗೆ ಬಿಟ್ಟುಕೊಂಡು ಬಂದಳು. ಹುಡುಗಾಟವೆಂದು ತಿಳಿದು ಎಲ್ಲರೆದುರು ಗದರಿದೆ. ಅವಳು ಮಾತಾಡದೆ ಪಟ್ಟಿಯನ್ನು ಹೆಗಲಿಗಿಳಿಸಿಕೊಂಡಳು. ಅಲ್ಲಿ ಕೆಂಪಗೆ ಬಾಸುಂಡೆ ಎದ್ದಿತ್ತು.

1989ರಲ್ಲಿ ಮೈಸೂರಿನ ಆರ್.ಕೆ. ನಾರಾಯಣ್ ಅವರು ರಾಜ್ಯಸಭೆಯಲ್ಲಿ ಮಕ್ಕಳ ಪುಸ್ತಕದ ಹೊರೆಯ ಕುರಿತು ಮಾತನಾಡಿದರೆಂದು ಓದಿದಾಗ ಆ ಬಾಸುಂಡೆಯೇ ಕಣ್ಣಮುಂದೆ ಬಂತು. 1993ರಲ್ಲಿ ಪ್ರೊ. ಯಶಪಾಲ್ ಸಮಿತಿಯ ವರದಿ ಬಂದಿತು. ನಮ್ಮ ರಾಜ್ಯ ಸರ್ಕಾರ ಚೀಲದ ತೂಕಕ್ಕೆ ಮಿತಿ ಹಾಕಿದ್ದು 2019ರಲ್ಲಿ: ಒಂದು, ಎರಡನೆಯ ತರಗತಿಗೆ ಹೆಚ್ಚೆಂದರೆ 2 ಕಿಲೋ, ಒಂಬತ್ತು, ಹತ್ತಕ್ಕೆ 5. ಸಾಕಷ್ಟು ತಡವಾಯಿತೆಂದೇ ನನ್ನ ಅಭಿಪ್ರಾಯ.

ಮೊಮ್ಮಗನ ಚೀಲದ ಪಟ್ಟಿಯನ್ನು ಗಿಡ್ಡ ಮಾಡಿ, ಎದೆಗೆ ಅಡ್ಡ ಹಾಕಿಸಿ, ಲ್ಯಾಪ್‌ಟಾಪನ್ನು ಮೈಗೆ ತಾಗುವ ಬದಿಗೆ ಇಡಿಸಿದೆ. ದಿನ ಬಿಟ್ಟು ದಿನ ಹೆಗಲು ಬದಲಿಸು ಎಂದೆ. ನಕ್ಕ, ಆದರೆ ಹಾಗೆಯೇ ಹಾಕಿಕೊಂಡು ಬಸ್ಸು ಹತ್ತಿದ.

ದೊಡ್ಡಿಯ ಆ ಹುಡುಗಿ ಎಲ್ಲಾದರೂ ಇದನ್ನು ಓದುತ್ತಿದ್ದರೆ: ತಂಗೀ, ಅಂದು ತಪ್ಪು ನನ್ನದು.