ಫ್ಲಶಿಂಗಿನಲ್ಲೊಂದು ಮರದ ಅಲೆ

ಫ್ಲಶಿಂಗ್ ಎಂದರೆ ನಮ್ಮಲ್ಲಿ ಹೆಚ್ಚಿನವರಿಗೆ ಬೌನ್ ಸ್ಟ್ರೀಟಿನ ಗಣಪತಿ ದೇವಸ್ಥಾನ, ಅದರ ಕ್ಯಾಂಟೀನಿನ ದೋಸೆ, ಪಾರ್ಕಿಂಗ್ ಸಿಗದೆ ಮೂರು ಮೂರು ಸಲ ಸುತ್ತಿದ ಬೀದಿಗಳು. ಆ ಬೀದಿಗಳ ಹೆಸರನ್ನು ಗಮನಿಸಿದ್ದೀರಾ? ಆಶ್, ಬೀಚ್, ಚೆರ್ರಿ, ಎಲ್ಡರ್, ಹಾಲಿ, ಜುನಿಪರ್... ಅಕ್ಷರಮಾಲೆಯ ಕ್ರಮದಲ್ಲಿ ಸಾಲಾಗಿ ನಿಂತ ಗಿಡಮರಗಳು! ಹದಿನೆಂಟನೆಯ ಶತಮಾನದಲ್ಲಿ ಪ್ರಿನ್ಸ್ ಮನೆತನ, ಹತ್ತೊಂಬತ್ತನೆಯದರಲ್ಲಿ ಪಾರ್ಸನ್ಸ್ ಮನೆತನ ಇಲ್ಲಿ ದೊಡ್ಡ ಸಸಿತೋಟಗಳನ್ನು ನಡೆಸಿದ್ದರ ನೆನಪು ಅದು. ಸ್ಯಾಮ್ಯುಯೆಲ್ ಪಾರ್ಸನ್ಸ್ 1847ರಲ್ಲಿ ನೆಟ್ಟ ಜೋಲುಕೊಂಬೆಯ ಬೀಚ್ ಮರ 1998ರವರೆಗೂ ಬದುಕಿತ್ತು. ಹಾಗಾಗಿ ಮರದ ಕುರಿತ ಮಾತನ್ನು ಫ್ಲಶಿಂಗಿನಿಂದ ಶುರುಮಾಡಿದರೆ ತಪ್ಪಿಲ್ಲ.

ನಾವು ಹೇಳಹೊರಟಿರುವುದು ಬಾಗುವ ಮರದ ಕಥೆ. ಇತ್ತೀಚೆಗೆ ಬೆಂಗಳೂರಿನ ಹೊಸ ಅಪಾರ್ಟ್‌ಮೆಂಟುಗಳಲ್ಲೂ ಜರ್ಸಿಯ ಅಡುಗೆಮನೆಗಳಲ್ಲೂ ಒಂದೇ ಸೊಗಸು ಕಾಣುತ್ತಿದೆ. ಸಣ್ಣ ಸಣ್ಣ ಮರದ ಪಟ್ಟಿಗಳನ್ನು ಒತ್ತೊತ್ತಾಗಿ ಜೋಡಿಸಿದ ಹಾಳೆ. ಅದನ್ನು ಕಂಬಕ್ಕೆ ಸುತ್ತಬಹುದು, ಕಪಾಟಿನ ದುಂಡು ಮೂಲೆಗೆ ಹೊದಿಸಬಹುದು. ಬಡಗಿಗಳು ಇದನ್ನು ಟಾಂಬೂರ್ ಎನ್ನುತ್ತಾರೆ. ಫ್ರೆಂಚಿನಲ್ಲಿ ಟಾಂಬೂರ್ ಎಂದರೆ ಡೋಲು. ಸಾಗುವಾನಿಯೋ ಓಕೋ ವಾಲ್‌ನಟ್ಟೋ, ಗಟ್ಟಿಮರ ತಾನಾಗಿ ಬಾಗುವ ಜಾತಿಯಲ್ಲ. ಆದರೆ ಅದನ್ನೇ ಬೆರಳಗಲದ ಪಟ್ಟಿಗಳಾಗಿ ಸೀಳಿ, ಹಿಂದೆ ಕ್ಯಾನ್ವಾಸ್ ಬಟ್ಟೆಗೆ ಅಂಟಿಸಿದರೆ ಚಾಪೆಯಂತೆ ಸುರುಳಿಯಾಗುತ್ತದೆ. ಮಲೆನಾಡಿನ ಅಡಿಕೆ ದಬ್ಬೆಯ ತಟ್ಟಿಯನ್ನೋ ಬಿದಿರಿನ ಪರದೆಯನ್ನೋ ಕಂಡವರಿಗೆ ಇದೇನೂ ಪವಾಡವಲ್ಲ.

ಆದರೂ ಇದರಲ್ಲಿ ಜಾಣ್ಮೆ ಬೇಕು. ಅಂಟು ಬಟ್ಟೆಗೆ ಮಾತ್ರ ಹತ್ತಬೇಕು. ಪಟ್ಟಿ ಪಟ್ಟಿಗಳ ನಡುವೆ ಇಳಿಯಿತೋ, ಹಾಳೆ ಹಲಗೆಯಾಗಿಬಿಡುತ್ತದೆ. ಬಟ್ಟೆ ಒಳಮೈಗೆ ಬರುವಂತೆ ಬಾಗಿಸಿದರೆ ಮುಂಭಾಗದ ಸಂದುಗಳು ಬಿರಿದು ಸರಾಗವಾಗಿ ತಿರುಗುತ್ತದೆ. ಅತ್ತಲಿನಿಂದ ಇತ್ತ ಬಾಗಿಸಹೋದರೆ ಪಟ್ಟಿಗಳ ಮುಂಚಿನ ಅಂಚುಗಳು ಒಂದನ್ನೊಂದು ಗುದ್ದಿಕೊಂಡು ನಿಂತುಬಿಡುತ್ತವೆ. ಹಾಗಾಗದಿರಲೆಂದು ಅಂಚುಗಳನ್ನು ಓರೆಯಾಗಿ ಕೆತ್ತುತ್ತಾರೆ. ಪಟ್ಟಿ ಕಿರಿದಾದಷ್ಟೂ ತಿರುವು ಬಿಗಿ. ಇನ್ನೊಂದು ಲಾಭವೂ ಉಂಟು. ಮರ ನಾರಿಗೆ ಅಡ್ಡಲಾಗಿ ಹಿಗ್ಗುತ್ತದೆ, ಕುಗ್ಗುತ್ತದೆ. ಊರಿಂದ ಜೋಪಾನವಾಗಿ ತಂದ ಮಣೆ ಇಲ್ಲಿಯ ಮೊದಲ ಚಳಿಗಾಲದ ಹೀಟರಿಗೇ ಟಪ್ಪೆಂದು ಸೀಳಿದ ಅನುಭವ ನಮ್ಮಲ್ಲಿ ಯಾರಿಗಿಲ್ಲ? ಅಗಲವಾದ ಹಲಗೆ ಆ ಎಳೆತವನ್ನೆಲ್ಲ ಒಂದೇ ಬಿರುಕಿನಲ್ಲಿ ತೀರಿಸುತ್ತದೆ. ಪಟ್ಟಿಗಳಾದರೋ ಒಂದೊಂದೂ ಕೂದಲೆಳೆಯಷ್ಟು ಕುಗ್ಗಿ ಸುಮ್ಮನಾಗುತ್ತವೆ.

ಅಮೆರಿಕಕ್ಕೆ ಈ ವಿದ್ಯೆ ಬಂದದ್ದೂ ವಲಸಿಗರ ಕೈಯಲ್ಲೇ. ಇಂಗ್ಲೆಂಡಿನ ಡೆವನ್ ಪ್ರಾಂತದ ಜಾನ್ ಸೀಮೋರ್ 1784ರಲ್ಲಿ ಸಂಸಾರಸಮೇತ ಹಡಗು ಹತ್ತಿ ಮೇನ್ ತೀರದ ಪೋರ್ಟ್‌ಲೆಂಡಿಗೆ ಬಂದ. ಅಲ್ಲಿಂದ ಬಾಸ್ಟನ್ನಿಗೆ ಹೋಗಿ ಮಗ ಥಾಮಸನ ಜತೆ ಮಾಡಿದ ಬರೆಯುವ ಮೇಜುಗಳು ಈಗ ವಸ್ತುಸಂಗ್ರಹಾಲಯಗಳಲ್ಲಿವೆ. ಪುಟ್ಟ ಅರೆಗಳ ಮುಂದೆ ಅಕ್ಕಪಕ್ಕಕ್ಕೆ ಸರಿಯುವ ಪಟ್ಟಿಬಾಗಿಲು, ಪಟ್ಟಿಗಳ ಮೇಲೆ ಹೂಮಾಲೆಯ ಕುಸುರಿ. ಅದೇ ಬಾಗಿಲು ಮುಂದೆ ಮೇಲಿಂದ ಕೆಳಗಿಳಿಯತೊಡಗಿತು. ಬಫಲೊ ನಗರದ ಅಬ್ನರ್ ಕಟ್ಲರ್ 1882ರಲ್ಲಿ ಪೇಟೆಂಟ್ ಪಡೆದ ಮೇಲಂತೂ ರೋಲ್‌ಟಾಪ್ ಮೇಜು ಗುಮಾಸ್ತರ ಲೋಕದ ಲಾಂಛನವೇ ಆಯಿತು.

ಇಷ್ಟೂ ಪೀಠೋಪಕರಣದ ಮಾತಾಯಿತು. ಪಟ್ಟಿಮರ ಮೇಜಿನಿಂದ ಎದ್ದು ಗೋಡೆಯಾಗಿ ನಿಂತದ್ದಕ್ಕೆ ಹಲವು ಸಾಕ್ಷಿಗಳಿರಬಹುದು, ಆದರೆ ಒಂದು ದೊಡ್ಡ ಸಾಕ್ಷಿ ನಮ್ಮ ಫ್ಲಶಿಂಗಿನಲ್ಲೇ ಇತ್ತು.

ಈಗಿನ ಫ್ಲಶಿಂಗ್ ಮೆಡೋಸ್ ಉದ್ಯಾನ ಇಪ್ಪತ್ತರ ದಶಕದಲ್ಲಿ ಬೂದಿಗುಡ್ಡ. ಬ್ರೂಕ್ಲಿನ್ನಿನ ಒಲೆಗಳ ಬೂದಿಯನ್ನೆಲ್ಲ ತಂದು ಸುರಿಯುತ್ತಿದ್ದ ಜಾಗ. ಸ್ಕಾಟ್ ಫಿಟ್ಜ್‌ಜೆರಾಲ್ಡ್ 1925ರಲ್ಲಿ ಬರೆದ 'ದಿ ಗ್ರೇಟ್ ಗ್ಯಾಟ್ಸ್‌ಬಿ' ಕಾದಂಬರಿಯ ಬೂದಿಕಣಿವೆ ಇದೇ. ಆ ಬೂದಿಯನ್ನು ಸಮಮಾಡಿ 1939ರ ಏಪ್ರಿಲ್ 30ರಂದು ನ್ಯೂಯಾರ್ಕಿನ ವಿಶ್ವಮೇಳವನ್ನು ತೆರೆದರು. ಎರಡು ಹಂಗಾಮಿನಲ್ಲಿ ನಾಲ್ಕೂವರೆ ಕೋಟಿಯ ಹತ್ತಿರ ಜನ ಬಂದರು. ದೊಡ್ಡ ದೇಶಗಳು ತಂತಮ್ಮ ಅರಮನೆ ಕಟ್ಟಿಕೊಂಡವು. 1917ರಲ್ಲಿ ರಷ್ಯದಿಂದ ಬಿಡಿಸಿಕೊಂಡ ಪುಟ್ಟ ಫಿನ್ಲೆಂಡಿಗೆ ಅಷ್ಟು ಹಣವಿರಲಿಲ್ಲ. ಮೇಳದವರೇ ಕಟ್ಟಿ ಬಾಡಿಗೆಗೆ ಕೊಡುತ್ತಿದ್ದ ಚೌಕದ ಡಬ್ಬಿಯೊಂದು ಅದರ ಪಾಲಿಗೆ ಬಂತು. ಹೊರಗೆ ಏನೂ ಮಾಡುವಂತಿರಲಿಲ್ಲ, ಮಾಡುವುದೆಲ್ಲ ಒಳಗೆ.

ಒಳಾಂಗಣಕ್ಕಾಗಿ 1938ರಲ್ಲಿ ನಡೆದ ಸ್ಪರ್ಧೆಯ ಫಲಿತಾಂಶ ಸ್ವಾರಸ್ಯಕರ. ಮೊದಲ ಎರಡು ಬಹುಮಾನ ಆಲ್ವರ್ ಆಲ್ಟೊ ಕಳಿಸಿದ ಎರಡು ನಕ್ಷೆಗಳಿಗೆ. ಮೂರನೆಯದು ಅವರ ಪತ್ನಿ ಐನೊ ಆಲ್ಟೊ ಕಳಿಸಿದ ನಕ್ಷೆಗೆ! ಮೂರೂ ಒಂದೇ ಮನೆಗೆ. ಫಿನ್ನಿಶ್ ಭಾಷೆಯಲ್ಲಿ ಆಲ್ಟೊ ಎಂದರೆ ಅಲೆ. ಅವರು ಆ ಡಬ್ಬಿಯೊಳಗೆ ನಿಲ್ಲಿಸಿದ್ದೂ ಒಂದು ಅಲೆಯನ್ನೇ. ಮೂರು ನಾಲ್ಕು ಮಹಡಿಯೆತ್ತರದ, ಹಾವಿನಂತೆ ಹರಿಯುವ ಗೋಡೆ. ಮೈತುಂಬ ಲಂಬವಾಗಿ ನಿಂತ ಮರದ ಪಟ್ಟಿಗಳು. ಗೋಡೆ ನೆಟ್ಟಗೂ ಇರಲಿಲ್ಲ, ಮೇಲೆ ಹೋದಂತೆ ನೋಡುಗರತ್ತ ವಾಲುತ್ತಿತ್ತು. ಅದು ಬರಿಯ ಬೆಡಗಲ್ಲ. ಎತ್ತರದಲ್ಲಿರುವ ಚಿತ್ರ ತಲೆಬಾಗಿ ನಿಂತರೆ ತಾನೇ ಕೆಳಗಿನವರಿಗೆ ಸರಿಯಾಗಿ ಕಾಣುವುದು? ಮೇಲಿನ ಸಾಲಿನಲ್ಲಿ ನಾಡಿನ ಚಿತ್ರಗಳು, ಅದರ ಕೆಳಗೆ ಜನ, ಅದರ ಕೆಳಗೆ ದುಡಿಮೆ, ನೆಲದ ಮೇಲೆ ಆ ದುಡಿಮೆಯಿಂದ ಬಂದ ಸರಕು.

ಬಡಗಿಯ ಲೆಕ್ಕದಲ್ಲಿ ಇದು ಟಾಂಬೂರ್ ಅಲ್ಲ. ಇಲ್ಲಿ ಗೋಡೆಯ ಬಾಗು ಹಿಂದಿನ ಚೌಕಟ್ಟಿನದು, ಪಟ್ಟಿ ಅದನ್ನು ಅನುಸರಿಸುತ್ತದೆ, ಅಷ್ಟೆ. ಆದರೆ ಸೂತ್ರ ಅದೇ. ಬಾಗದ ಮರವನ್ನು ಕಿರಿದಾಗಿಸಿದರೆ ಎಂಥ ತಿರುವನ್ನಾದರೂ ಅದು ಒಪ್ಪಿಕೊಳ್ಳುತ್ತದೆ. ಪಟ್ಟಿಗಳು ಉಬ್ಬುತಗ್ಗಾಗಿ ಬೆಳಕು ನೆರಳು ಆಡುತ್ತಿದ್ದುದರಿಂದ ಅಷ್ಟು ದೊಡ್ಡ ಗೋಡೆ ಕಾಡಿನಂಚಿನಂತೆ ಕಂಡಿದ್ದರೆ ಆಶ್ಚರ್ಯವಿಲ್ಲ. ನಿಜವಾದ ಟಾಂಬೂರ್ ಬೇಕೆನ್ನುವವರಿಗೆ ಆಲ್ಟೊ 1936ರಲ್ಲೇ ಪೈನ್ ಪಟ್ಟಿಗಳ ಪರದೆಯೊಂದನ್ನು ಮಾಡಿದ್ದರು. ಸುರುಳಿ ಬಿಚ್ಚಿ ಬೇಕಾದ ಆಕಾರಕ್ಕೆ ನಿಲ್ಲಿಸಬಹುದು. ನಮ್ಮ ಮಟ್ಟಿಗೆ ಫ್ಲಶಿಂಗಿನ ಗೋಡೆ ಆ ಪರದೆಯ ಅಣ್ಣ.

ಮೊದಲ ಹಂಗಾಮು ಮುಗಿದು ಒಂದು ತಿಂಗಳಾಗುವಷ್ಟರಲ್ಲಿ, ನವೆಂಬರ್ 30ರಂದು, ಸೋವಿಯತ್ ಸೇನೆ ಫಿನ್ಲೆಂಡಿಗೆ ನುಗ್ಗಿತು. ಮೇಳದಲ್ಲಿ ಇಬ್ಬರೂ ಅತಿಥಿಗಳು! ಸೋವಿಯತ್ ಮಂಟಪ ಗೋಪುರವೆತ್ತಿ, ನೆತ್ತಿಯ ಮೇಲೆ ಕಾರ್ಮಿಕನ ಪ್ರತಿಮೆ ನಿಲ್ಲಿಸಿದ ಭಾರಿ ಕಟ್ಟಡ. 1940ರಲ್ಲಿ ಬಾಗಿಲು ತೆರೆದಾಗ ಅದು ಇರಲಿಲ್ಲ, ಕಳಚಿಯಾಗಿತ್ತು. ಬಾಡಿಗೆ ಡಬ್ಬಿಯೊಳಗಿನ ಫಿನ್ಲೆಂಡ್ ಇತ್ತು. ಅಷ್ಟರಲ್ಲಿ ಮಾರ್ಚ್ 13ಕ್ಕೆ ಯುದ್ಧ ನಿಂತು, ಫಿನ್ಲೆಂಡ್ ಕರೇಲಿಯದ ದೊಡ್ಡ ಭಾಗ ಕಳೆದುಕೊಂಡಿತ್ತು, ಅಲ್ಲಿಯ ನಾಲ್ಕು ಲಕ್ಷಕ್ಕೂ ಹೆಚ್ಚು ಜನ ಮನೆಬಿಟ್ಟು ಬಂದಿದ್ದರು. ಗೋಡೆಯ ಮೇಲಿನ ಸಾಲಿನ 'ನಾಡು' ಎಂಬ ಚಿತ್ರಗಳನ್ನು ಆ ಬೇಸಿಗೆಯಲ್ಲಿ ನೋಡಿದವರಿಗೆ, ಅದರಲ್ಲೂ ಇಲ್ಲೇ ನೆಲೆಸಿದ್ದ ಫಿನ್ನಿಶ್ ಜನಕ್ಕೆ, ಹೇಗೆನಿಸಿದ್ದೀತು? ಊರಿನ ಗಡಿ ಬದಲಾಗುವುದೆಂದರೇನೆಂದು ಕಾಸರಗೋಡಿನ ಗೆಳೆಯರಿಗೆ ವಿವರಿಸಬೇಕಿಲ್ಲ. ಅಲ್ಲಿ ಬದಲಾದದ್ದು ರಾಜ್ಯದ ಗೆರೆ, ಇಲ್ಲಿ ದೇಶದ್ದು. ಎರಡೂ ಒಂದೇ ಎಂದು ನಾವು ಹೇಳುತ್ತಿಲ್ಲ.

ಅಕ್ಟೋಬರ್ 27ಕ್ಕೆ ಮೇಳ ಮುಗಿಯಿತು, ಮರದ ಅಲೆಯನ್ನೂ ಕೆಡವಿದರು. ಉಳಿದದ್ದು ಛಾಯಾಚಿತ್ರಗಳು ಮಾತ್ರ. ಮೇಳದ ನ್ಯೂಯಾರ್ಕ್ ನಗರ ಕಟ್ಟಡ ಉಳಿದು, 1946ರಿಂದ 1950ರವರೆಗೆ ವಿಶ್ವಸಂಸ್ಥೆಯ ಮಹಾಸಭೆಗೆ ಮನೆಯಾಗಿ, ಈಗ ಕ್ವೀನ್ಸ್ ಮ್ಯೂಸಿಯಂ ಆಗಿದೆ.

ಪರದೇಶದ ಕೂಟಗಳಾದ ನಾವು ಹಬ್ಬಕ್ಕೆ ಹೈಸ್ಕೂಲಿನ ಆಡಿಟೋರಿಯಮ್ಮೋ ಚರ್ಚಿನ ನೆಲಮಾಳಿಗೆಯೋ ಬಾಡಿಗೆಗೆ ಹಿಡಿಯುವವರು. ನಾಲ್ಕು ಗಂಟೆಯ ಮಟ್ಟಿಗೆ ಆ ಡಬ್ಬಿಯನ್ನು ಕನ್ನಡದ್ದಾಗಿಸಬೇಕು. ಸಾಮಾನ್ಯವಾಗಿ ಒಂದು ಬ್ಯಾನರು, ಒಂದಷ್ಟು ಪ್ಲಾಸ್ಟಿಕ್ ಮಾವಿನೆಲೆಯಲ್ಲಿ ಮುಗಿಸುತ್ತೇವೆ. ಆಲ್ಟೊ ದಂಪತಿಗಳಿಗೆ ಸಿಕ್ಕದ್ದೂ ಅಂಥದೇ ಡಬ್ಬಿ. ಕೂಟದ ಅಲಂಕಾರ ಸಮಿತಿಯವರು ಆ ಹಳೆಯ ಛಾಯಾಚಿತ್ರಗಳನ್ನೊಮ್ಮೆ ನೋಡಬೇಕೆಂದು ನಮ್ಮ ಆಸೆ.

ಆಲ್ಟೊ ಅಮೆರಿಕಕ್ಕೆ ಮತ್ತೆ ಬಂದರು, ಎಂ.ಐ.ಟಿ.ಯಲ್ಲಿ ಪಾಠ ಹೇಳಿದರು. ಈ ದೇಶದಲ್ಲಿ ಅವರ ಕೆಲಸ ಬೆರಳೆಣಿಕೆಯಷ್ಟು. ಕೇಂಬ್ರಿಜ್‌ನಲ್ಲಿ ಬೇಕರ್ ಹೌಸ್, ಒರೆಗಾನಿನ ಮಠವೊಂದರ ಗ್ರಂಥಾಲಯ, ಮ್ಯಾನ್‌ಹಟನ್ನಿನಲ್ಲಿ ವಿಶ್ವಸಂಸ್ಥೆಯೆದುರು ಬಾಗಿಸಿದ ಮರದ ಕಡ್ಡಿಗಳ ಗೋಡೆಶಿಲ್ಪವಿದ್ದ ಕೌಫ್‌ಮನ್ ಸಭಾಂಗಣ. ನಮ್ಮಂಥ ಓದುಗರಿಗೆ ಬೇಕಾದದ್ದು ನಾಲ್ಕನೆಯದು. ಹಾರ್ವರ್ಡಿನ ಲಮಾಂಟ್ ಗ್ರಂಥಾಲಯದೊಳಗಿನ ವುಡ್‌ಬೆರಿ ಕವಿತಾಕೋಣೆ, 1949ರದು. ಕವಿಗಳ ದನಿಯಲ್ಲೇ ಕವಿತೆ ಕೇಳಲೆಂದು ಮಾಡಿದ ಕೋಣೆ.